ಗಾಳಿಯನ್ನು ಗಾಳಿಸುವ ಪೆಟ್ಟಿಗೆ

ಬಾಡಿಗೆ ಮನೆ ತೋರಿಸುವವರು ಬೀಗದ ಕೈ ತಿರುಗಿಸುವ ಮೊದಲೇ ಒಂದು ಮಾತು ಹೇಳುತ್ತಾರೆ: "ಮನೆಗೆ ಗಾಳಿ ಬೆಳಕು ಚೆನ್ನಾಗೈತ್ರಿ." ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ನೆರೆಮನೆಯ ಬಚ್ಚಲು ಇರುವ ಮನೆಗೂ ಈ ಮಾತು ತಪ್ಪಿದ್ದಲ್ಲ. ಬೆಳಕಿನ ಮಟ್ಟಿಗೆ ಸುಳ್ಳನ್ನು ಕಣ್ಣೇ ಹಿಡಿದುಕೊಡುತ್ತದೆ, ಗಾಳಿಯದು ಹಾಗಲ್ಲ. ಅದು ಅದೃಶ್ಯ, ಅಮೂರ್ತ, ಕೈಗೆ ಸಿಗದ ಸರಕು. ನಮ್ಮ ಭಾಷೆ ಅದನ್ನು ನಡೆಸಿಕೊಂಡಿರುವ ಬಗೆಯನ್ನೇ ನೋಡಿ: ನಂಬಲಾಗದ್ದು ಗಾಳಿಸುದ್ದಿ, ನಿಲ್ಲಲಾರದ್ದು ಗಾಳಿಗೋಪುರ, ಕಾರಣ ತಿಳಿಯದ ಕಾಯಿಲೆಯಾದರೆ ಗಾಳಿ ಸೋಕಿದ್ದು, ಮಗ ಮಾತು ಕೇಳದಿದ್ದರೆ ಅವನಿಗೆ ಪೇಟೆಯ ಗಾಳಿ ಬಡಿದದ್ದು. ಕ್ಷಣಕ್ಷಣಕ್ಕೂ ಒಳಗೆಳೆದುಕೊಂಡು ಬದುಕುವ ವಸ್ತುವಿನ ಬಗ್ಗೆ ಇಷ್ಟು ಅವಿಶ್ವಾಸ ಇಟ್ಟುಕೊಂಡ ಪ್ರಾಣಿ ಮನುಷ್ಯನೊಬ್ಬನೇ ಇರಬೇಕು. ಆದರೆ ಆ ಅವಿಶ್ವಾಸ ಇದುವರೆಗೆ ಮಾತಿನಲ್ಲಷ್ಟೇ ಇತ್ತು. ಅದಕ್ಕೊಂದು ಯಂತ್ರವನ್ನು ತಂದು ಮನೆಯ ಮೂಲೆಯಲ್ಲಿ ಇಡಬೇಕೇ ಬೇಡವೇ ಎಂಬ ಪ್ರಶ್ನೆ ನನ್ನಂಥವನ ಮುಂದೆ ಬಂದೀತೆಂದು ನಾನು ಎಣಿಸಿರಲಿಲ್ಲ.

ನನ್ನಂಥವನು ಎಂದರೆ ಎಂಥವನು ಎಂಬುದನ್ನು ಹೇಳಿಬಿಡುವುದು ಒಳ್ಳೆಯದು. ನಾನು ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರನಾಗಿದ್ದು ನಿವೃತ್ತನಾದವನು. ನ್ಯಾಯಾಧೀಶರು ಹೇಳಿದ್ದನ್ನು ಗೀಚಿಕೊಂಡು, ಬೆರಳಚ್ಚು ಮಾಡಿ, ಅವರ ಸಹಿಗೆ ಇಡುವುದು ನನ್ನ ಕಸುಬು. ನನ್ನ ಬೆರಳ ತುದಿಯಿಂದ ಹೊರಬಿದ್ದ ತೀರ್ಪುಗಳಿಗೆ ಲೆಕ್ಕವಿಲ್ಲ; ಅವುಗಳಲ್ಲಿ ಒಂದೂ ನನ್ನದಲ್ಲ. ಇದರಿಂದಾಗಿ, ಎರಡೂ ಕಡೆಯ ವಾದದಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳುವ ಶಕ್ತಿ ನನ್ನಲ್ಲಿ ಅಪಾರವಾಗಿ ಬೆಳೆದು, ಎರಡರಲ್ಲಿ ಒಂದನ್ನು ಆರಿಸುವ ಶಕ್ತಿ ಸಂಪೂರ್ಣ ಬತ್ತಿಹೋಯಿತು. ಸಂತೆಯಲ್ಲಿ ಹೀರೆಕಾಯಿಯೋ ಹಾಗಲಕಾಯಿಯೋ ಎಂದು ತೀರ್ಮಾನಿಸಲಾಗದೆ ಬರಿ ಕೊತ್ತಂಬರಿ ಹಿಡಿದುಕೊಂಡು ಮನೆಗೆ ಬಂದ ದಾಖಲೆ ನನ್ನ ಹೆಸರಿನಲ್ಲಿದೆ. ನನ್ನ ಹೆಂಡತಿ ಶಾರದಾ ತ್ಯಾವಣಿಗೆಯವಳು, ಅಲ್ಲಿನ ಅಂಗಡಿಸಾಲಿನಲ್ಲಿ ಚೌಕಾಸಿ ನೋಡುತ್ತ ಬೆಳೆದವಳು. ನಿರ್ಧಾರಗಳನ್ನೆಲ್ಲ ಆಕೆ ಕೈಗೆತ್ತಿಕೊಂಡದ್ದರಿಂದ ಸಂಸಾರ ನೆಟ್ಟಗೆ ನಿಂತಿದೆ.

ವರ್ಗಾವಣೆಯ ಕೆಲಸವಾದ್ದರಿಂದ ಹಲವು ಊರಿನ ಗಾಳಿ ಕುಡಿದಿದ್ದೇನೆ. ಜಗಳೂರಿನಲ್ಲಿ ಆಷಾಢದ ಗಾಳಿ ಮುಚ್ಚಿದ ಕಿಟಕಿಯ ಸಂದಿನಿಂದಲೂ ನುಗ್ಗಿ, ಹೆಪ್ಪು ಹಾಕಿದ ಮೊಸರಿನ ಮೇಲೆ ಕೆಮ್ಮಣ್ಣಿನ ತೆಳುವಾದ ಕೆನೆ ಕಟ್ಟುತ್ತಿತ್ತು. ನಾವು ಅದನ್ನು ಚಮಚದಿಂದ ತೆಗೆದು ಊಟ ಮುಂದುವರಿಸುತ್ತಿದ್ದೆವು. ಚನ್ನಗಿರಿಯಲ್ಲಿ ಅಡಿಕೆ ಬೇಯಿಸುವ ದಿನಗಳಲ್ಲಿ ಗಾಳಿಗೇ ಒಂದು ಒಗರು ಬರುತ್ತಿತ್ತು. ಒಗೆದ ಅಂಗಿ, ಹೊದೆಯುವ ಕಂಬಳಿ, ನನ್ನ ಕಚೇರಿಯ ಕಾಗದಗಳಿಗೆಲ್ಲ ಅದೇ ವಾಸನೆ. ಕಡೆಗೆ ಹೊನ್ನಾಳಿಯಲ್ಲಿ ಮನೆ ಕಟ್ಟಿಕೊಂಡು ನಿಂತೆವು. ಮುಂದಿನ ಕಿಟಕಿಗಳು ದೊಡ್ಡ ರಸ್ತೆಗೆ ತೆರೆಯುತ್ತವೆ, ಹಿಂದಿನವು ಬತ್ತದ ಗದ್ದೆಗಳಿಗೆ, ಗದ್ದೆಗಳಾಚೆ ಹೊಳೆ. ಮುಂದಿನಿಂದ ಮಣ್ಣು ಹೊತ್ತ ಟ್ರ್ಯಾಕ್ಟರುಗಳ ಧೂಳು, ಹಿಂದಿನಿಂದ ನೀರು ಸವರಿಕೊಂಡು ಬಂದ ತಂಪು. ಎರಡು ಕಡೆಯ ವಾದವೂ ಮನೆಯ ನಡುವೆ ಸಂಧಿಸುತ್ತದೆ. ನನಗೆ ಹೇಳಿಮಾಡಿಸಿದ ಮನೆ.

ಮಗಳು ಚೈತ್ರಾ ದಾವಣಗೆರೆಯಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಅಳಿಯ ಮಂಜುನಾಥ ಅಲ್ಲೇ ಸಹಕಾರಿ ಸಂಘವೊಂದರಲ್ಲಿ ನೌಕರ, ಮಿತಭಾಷಿ. ಆತನಿಗೆ ಚಿಕ್ಕಂದಿನಿಂದ ದಮ್ಮು. ಮದುವೆಯ ದಿನ ಅಗರಬತ್ತಿ, ಕರ್ಪೂರ, ವಿಡಿಯೋದವರ ದೀಪದ ಕಾವು ಎಲ್ಲ ಸೇರಿ ಉಸಿರು ಕಟ್ಟಿದಂತಾಗಿ, ಆತ ನಡುನಡುವೆ ಮಂಟಪದಿಂದ ಇಳಿದು ಹೊರಗೆ ಹೋಗಿಬರುತ್ತಿದ್ದ. ಹುಡುಗನಿಗೆ ಮನಸ್ಸಿಲ್ಲವೇನೋ ಎಂದು ನಮ್ಮ ಕಡೆಯ ಹೆಂಗಸರು ಪಿಸುಗುಟ್ಟಿದ್ದರು. ಮನಸ್ಸು ಬೇಕಾದಷ್ಟಿತ್ತು, ಗಾಳಿ ಸಾಲದಾಗಿತ್ತು.

ಚೈತ್ರಾ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬರುವುದೆಂದಾದಾಗ ಈ ಮಿತಭಾಷಿ ನನಗೆ ಫೋನು ಮಾಡಿದ. ಕುಶಲ ವಿಚಾರಿಸಿ, "ಮಾವ, ಕೂಸು ಬರೋ ಮನಿಗೆ ಏರ್ ಪ್ಯೂರಿಫೈಯರ್ ಒಂದು ಇಟ್ರೆ ಹೆಂಗೆ? ನನ್ನ ಉಸಿರಿನ ಕಾಯಿಲೆ ಅದಕ್ಕೆ ಬರಬಾರ್ದು ನೋಡ್ರಿ," ಎಂದ.

ವಿಚಾರ ಮಾಡಿ ಹೇಳುತ್ತೇನೆ ಎಂದೆ. ಅಂದರೆ ಕೋರ್ಟಿನವರಂತೆ ವಾಯಿದೆ ಕೊಟ್ಟು ಮುಂದೂಡಿದೆ. ಆಮೇಲೆ ಪದ್ಧತಿಯಂತೆ ಎಲ್ಲರ ಹೇಳಿಕೆ ಪಡೆದೆ. ಶಾರದಾ, "ಗಾಳಿ ತೊಳ್ಯಾಕೂ ಮಿಷನ್ ಬಂತೇನ್ರಿ? ಮುಂದಿನ ಕಿಟಕಿ ಹಾಕಿ ಹಿಂದಿಂದು ತೆಗೆದ್ರೆ ಆತಪ್ಪ," ಎಂದಳು. ಇದರಲ್ಲಿ ಹುರುಳಿತ್ತು. ಪೇಟೆಯ ಅಂಗಡಿಯವನು, ಮುಚ್ಚಿದ ಒಂದು ಕೋಣೆಯ ಗಾಳಿಯನ್ನು ಅದು ಎಳೆದು, ಜಾಳಿಗೆಯಲ್ಲಿ ಧೂಳು ಹಿಡಿದು, ಸೋಸಿ ಬಿಡುತ್ತದೆ, ಬಾಗಿಲು ತೆರೆದಿಟ್ಟರೆ ಪ್ರಯೋಜನವಿಲ್ಲ ಎಂದ. ಇದರಲ್ಲಿಯೂ ಹುರುಳಿತ್ತು. ನನ್ನ ಅವ್ವನನ್ನು ಕೇಳಿದೆ. ಬಿಳಿಚೋಡಿನ ಕಡೆಯವಳು, ಎಂಬತ್ತು ದಾಟಿದವಳು, ಹಲ್ಲು ಹೋದರೂ ಮಾತಿನ ಮೊನೆ ಹೋಗದವಳು. ಯಂತ್ರದ ಕೆಲಸವನ್ನು ವಿವರಿಸಿದಾಗ, "ಗಾಳಿಗೆ ಹಿಡಿದು ಕಾಳು ಗಾಳಿಸ್ತಿದ್ವಿ ನಾವು. ಗಾಳೀನೇ ಗಾಳಿಸ್ಬೇಕು ಅಂದ್ರೆ ಇನ್ಯಾವುದಕ್ಕೆ ಹಿಡೀತಾರಪ್ಪ?" ಎಂದು ಕೇಳಿದಳು. ಗಾಳಿಸು ಎಂಬ ಕ್ರಿಯಾಪದದೊಳಗೆ ಗಾಳಿ ಕೂತಿದೆ ಎಂಬುದು ಬದುಕಿನುದ್ದಕ್ಕೂ ಕನ್ನಡವನ್ನೇ ಬೆರಳಚ್ಚಿಸಿದ ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಶಬ್ದದ ಸೊಗಸಿನಲ್ಲಿ ಮೈಮರೆತು ಪ್ರಶ್ನೆಯನ್ನು ಮರೆತೆ. ಉತ್ತರ ಮುಂದಕ್ಕೆ ಹೋಯಿತು.

ಹೆರಿಗೆ ಸುಸೂತ್ರವಾಯಿತು, ಹೆಣ್ಣುಮಗು. ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಂಜುನಾಥ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ. ಸಹೋದ್ಯೋಗಿಯೊಬ್ಬರದ್ದಂತೆ, ಸದ್ಯಕ್ಕೆ ಕೇಳಿ ತಂದದ್ದು. "ಕೆಲವು ದಿನ ಇಟ್ಟು ನೋಡ್ರಿ ಮಾವ. ಬೇಕನಿಸಿದ್ರೆ ನಮ್ಮದೇ ಒಂದು ತಗಂಡ್ರಾತು. ಬ್ಯಾಡಾದ್ರೆ ವಾಪಸ್ ಕೊಡ್ತೀನಿ," ಎಂದ. ಮಧ್ಯಂತರ ಆದೇಶದಂತಿದ್ದ ಈ ಏರ್ಪಾಡು ನನ್ನ ಸ್ವಭಾವಕ್ಕೆ ಒಪ್ಪಿತು.

ಯಂತ್ರ ಬಿಳಿಯ ಡಬ್ಬದಂತಿತ್ತು, ಮೊಣಕಾಲೆತ್ತರ. ಅದರ ನೆತ್ತಿಯಲ್ಲೊಂದು ದೀಪ. ಗಾಳಿ ಚೆನ್ನಾಗಿದ್ದರೆ ನೀಲಿ, ಕೆಟ್ಟಿದ್ದರೆ ಕೆಂಪು, ನಡುವೆ ಸಂದೇಹವಿದ್ದಾಗ ಹಳದಿ. ನಾನಾಗಿದ್ದರೆ ಸದಾಕಾಲ ಹಳದಿಯಲ್ಲೇ ಇರುತ್ತಿದ್ದೆ. ಅದು ಹಾಗಲ್ಲ, ಮುಖಮುಲಾಜಿಲ್ಲದ ಪ್ರಾಣಿ. ಸ್ನಾನ ಮಾಡಿ ಪೌಡರು ಹಚ್ಚಿಕೊಂಡು ಮೊಮ್ಮಗಳನ್ನು ನೋಡಲು ಹೋದರೆ ನನ್ನನ್ನು ಕಂಡು ಕೆಂಪಾಯಿತು. ಶಾರದಾ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಎರಡು ಗೋಡೆಗಳ ಆಚೆಯಿಂದಲೇ ಕೆಂಪಾಗಿ ಭರ್ರನೆ ತಿರುಗತೊಡಗಿತು. ಅಗರಬತ್ತಿಗೆ ಕೆಂಪು, ಹಾಸಿಗೆ ಕೊಡವಿದರೆ ಕೆಂಪು. ನಮ್ಮ ಸಂಸಾರದಲ್ಲಿ ಶುಭಕರ, ರುಚಿಕರ, ಶುಚಿಕರ ಎಂದು ನಾವು ನಂಬಿದ್ದ ಸಕಲವೂ ಅದರ ದೃಷ್ಟಿಯಲ್ಲಿ ಅಪರಾಧವಾಗಿತ್ತು. ಬಾಣಂತಿಯನ್ನು ನೋಡಲು ಬಂದ ನೆಂಟರು ಮಗುವಿಗಿಂತ ಹೆಚ್ಚು ಹೊತ್ತು ಅದನ್ನೇ ನೋಡಿದರು; ತಾವು ಒಳಗೆ ಬಂದಾಗ ಅದು ನೀಲಿಯಲ್ಲೇ ಉಳಿದರೆ ಸಜ್ಜನರೆಂದು ಸಾಬೀತಾದವರಂತೆ ಹಿಗ್ಗಿದರು.

ಇಷ್ಟರವರೆಗೆ ಎಲ್ಲವೂ ವಿನೋದವೇ. ಆದರೆ ನಮ್ಮಲ್ಲಿ ಬಾಣಂತಿಗೂ ಕೂಸಿಗೂ ನೀರು ಎರೆದಾದ ಮೇಲೆ ಹೊಗೆ ಕೊಡುವ ಪದ್ಧತಿಯುಂಟು. ಅಗ್ಗಿಷ್ಟಿಕೆಯಲ್ಲಿ ಕೆಂಡ ಮಾಡಿ, ಅದರ ಮೇಲೆ ಲೋಬಾನ, ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ಏಳುವ ಹೊಗೆಗೆ ಬಾಣಂತಿಯ ಕೂದಲನ್ನೂ ಕೂಸಿನ ಮೈಯನ್ನೂ ಹಿಡಿಯುತ್ತಾರೆ. ಶೀತ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಈ ಕೆಲಸ ಅವ್ವನದು. ನಮ್ಮ ಬಳಗದಲ್ಲಿ ಹುಟ್ಟಿದ ಕೂಸುಗಳಲ್ಲಿ ಅವ್ವನ ಹೊಗೆ ಕಾಣದವು ಕಡಿಮೆ. ಮೊದಲ ದಿನ ಆಕೆ ಕೆಂಡ ಹಿಡಿದು ಬಾಣಂತಿ ಕೋಣೆಯ ಹೊಸ್ತಿಲು ದಾಟಿ, ಲೋಬಾನ ಉದುರಿಸಿದ್ದೇ ತಡ, ಯಂತ್ರ ಕಡುಗೆಂಪಾಗಿ, ಅದುವರೆಗೆ ನಾವು ಕೇಳಿರದಷ್ಟು ಜೋರಾಗಿ ಮೊರೆಯಿತು. ಕೂಸು ಬೆಚ್ಚಿ ಅತ್ತಿತು. ಅವ್ವ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

"ಇದ್ಯಾಕೆ ನನ್ನ ಕಂಡ್ರೆ ಗುರ್ ಅಂತೈತೆ?"

ಚೈತ್ರಾ ನಯವಾಗಿಯೇ ಹೇಳಿದಳು. "ನಿನ್ನ ಕಂಡಲ್ಲ ಅಜ್ಜಿ, ಹೊಗೆ ಕಂಡು. ಕೂಸಿನ ಎದಿಗೆ ಹೊಗೆ ಒಳ್ಳೇದಲ್ಲ ಅಂತ ಡಾಕ್ಟ್ರೂ ಹೇಳಿದ್ರು. ಹೊಗೆ ಬ್ಯಾಡ ಬಿಡು."

ಅವ್ವ ಕೆಂಡವನ್ನು ಹಿತ್ತಲಿಗೆ ಒಯ್ದು ನೀರು ಹಾಕಿದಳು. ಅದಾದ ಮೇಲೆ ಆ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಕೂಸು ಅತ್ತರೆ ಪಡಸಾಲೆಯಲ್ಲಿ ಕೂತಲ್ಲಿಂದಲೇ ಕತ್ತು ಎತ್ತಿ ಕೇಳುತ್ತಿದ್ದಳು, ಏಳುತ್ತಿರಲಿಲ್ಲ. ಯಾರಾದರೂ ಕರೆದರೆ, "ಮಂಡಿ ನೋವು," ಎನ್ನುತ್ತಿದ್ದಳು. ಚೈತ್ರಾ ಕೂಸನ್ನು ಎತ್ತಿಕೊಂಡು ಬಂದು ತೊಡೆಯ ಮೇಲೆ ಇಡಲು ಹೋದಾಗಲೂ, "ನನ್ನ ಸೀರಿ ತುಂಬ ಹೊಗಿ ವಾಸನಿ ಐತೆ, ಬ್ಯಾಡ ತಗಾ," ಎಂದು ಕೈ ಅಡ್ಡ ಹಿಡಿದಳಂತೆ. ಶಾರದಾ ನನ್ನ ಮೇಲೆ ಸಿಟ್ಟಾದಳು. "ರೀ, ಮಿಷನ್ ಬೇಕೋ ಬ್ಯಾಡೋ ಅಂತ ನೀವಾದ್ರೂ ಒಂದು ಮಾತು ಹೇಳ್ರಿ. ಅತ್ತಿ ಹಿಂಗೆ ಕೂತ್ರೆ ನಂಗೆ ನೋಡಾಕಾಗಲ್ಲ." ನಾನು ಯಥಾಸ್ಥಿತಿ ಕಾಪಾಡಿಕೊಂಡು ಬಂದೆ. ಅವ್ವನಿಗೆ ಹಟ, ಮುದುಕರ ಮುನಿಸು, ನಾಲ್ಕು ದಿನದಲ್ಲಿ ಸರಿಹೋದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಟವಲ್ಲ ಎಂದು ತಿಳಿದದ್ದು ಒಂದು ಭಾನುವಾರದ ಮಧ್ಯಾಹ್ನ. ಊಟವಾಗಿತ್ತು. ಅವ್ವ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ನಾನು ಎದುರಿಗೆ ಪತ್ರಿಕೆ ಹಿಡಿದು ಕೂತಿದ್ದೆ. ಸುಲಿದ ಸಿಪ್ಪೆಯನ್ನು ಆಕೆ ಯಾವಾಗಲೂ ಹೊಗೆಗೆಂದು ಎತ್ತಿಡುತ್ತಿದ್ದವಳು, ಅಂದು ಅದನ್ನು ಕಸದ ಮೊರಕ್ಕೆ ಹಾಕುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ಹಂಗಾದ್ರೆ ನಮ್ಮ ನೀಲನ ಜೀವ ಹೊಗಿಗೇ ಹೋತೇನೋ?"

ನೀಲಾ ನನ್ನ ಅಕ್ಕ. ಅಕ್ಕ ಎನ್ನುವುದು ಬರಿಯ ಸಂಬಂಧದ ಲೆಕ್ಕಕ್ಕೆ. ನಾನು ಹುಟ್ಟುವ ಮೊದಲೇ, ಇನ್ನೂ ತೊಟ್ಟಿಲಲ್ಲಿರುವಾಗಲೇ ತೀರಿಕೊಂಡ ಕೂಸು. 'ಎದೆ ಕಟ್ಟಿ ಹೋಯಿತು' ಎಂಬಷ್ಟನ್ನೇ ನಾನು ಕೇಳಿದ್ದು. ಮನೆಯಲ್ಲಿ ಅವಳ ಮಾತು ಬರುತ್ತಿದ್ದುದು ಅಪರೂಪ. ಬಂದಾಗಲೂ ಅವ್ವ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ. ಈಗ ಆಕೆ ಸುಲಿಯುತ್ತಲೇ ಹೇಳತೊಡಗಿದಳು. ಬಿಳಿಚೋಡಿನ ಮನೆಯಲ್ಲಿ ಬಾಣಂತಿ ಇರುತ್ತಿದ್ದುದು ಅಡುಗೆಮನೆಯ ಮೂಲೆಯಲ್ಲಂತೆ. ಒಲೆಯ ಕಾವು ಕೂಸಿಗೆ ಒಳ್ಳೆಯದೆಂದು. ಕಿಟಕಿ ಎಂಬುದು ಕೈ ತೂರುವಷ್ಟು ಕಿಂಡಿ, ಅದಕ್ಕೂ ಗೋಣಿ. ಕೂಸಿಗೆ ಕೆಮ್ಮು ಹತ್ತಿದಾಗ ಶೀತವೆಂದು ಮತ್ತಷ್ಟು ಕೆಂಡ, ಮತ್ತಷ್ಟು ಲೋಬಾನ.

"ಕೆಮ್ಮಿದಷ್ಟೂ ಹೊಗಿ ಹಾಕ್ದೆ ನಾನು. ಹೊಗಿ ಕಮ್ಮಿ ಆಗಿದ್ಕೇ ಉಳೀಲಿಲ್ಲ ಅಂತ ನಮ್ಮತ್ತಿ ಅಂದ್ಲು. ಅದಕ್ಕೇ ನಿಂಗೆ ಇನ್ನಾ ಜಾಸ್ತಿ ಹಾಕ್ದೆ. ಎಲ್ಲರ ಕೂಸಿಗೂ ಹಾಕ್ದೆ. ಈಗ ಈ ಮಿಷನ್ ನೋಡಿದ್ರೆ ಬ್ಯಾರೇನೇ ಹೇಳ್ತೈತಲ್ಲ."

ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟೆ. ವಾದ ಪ್ರತಿವಾದ ಎರಡನ್ನೂ ತೂಗಿ ಏನನ್ನೂ ಹೇಳದಿರುವುದರಲ್ಲಿ ಪಳಗಿದವನು ನಾನು. ಆದರೆ ಏನನ್ನಾದರೂ ಹೇಳಬೇಕೆಂದು ಮನಸಾರೆ ಬಯಸಿಯೂ ಮಾತು ಹೊರಡದೇ ಹೋದದ್ದು ಅದೇ ಮೊದಲು. ಹೌದೆನ್ನುವುದು ಕ್ರೌರ್ಯ. ಅಲ್ಲವೆಂದರೆ ಅವ್ವ ನಂಬುವವಳಲ್ಲ. ಹೊರಗೆ ಒಂದು ಟ್ರ್ಯಾಕ್ಟರು ಹೋಯಿತು.

ಮಂಜುನಾಥ ಅಂದು ದಾವಣಗೆರೆಯಿಂದ ಬರುವವನಿದ್ದ. ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತವನಿಗೆ ಈ ಮಾತಷ್ಟೂ ಕೇಳಿಸಿದೆ ಎಂಬುದು ಆತನ ಮುಖ ನೋಡಿದ ಮೇಲೆ ಗೊತ್ತಾಯಿತು. ಕೈಚೀಲವನ್ನು ಅಲ್ಲೇ ಇಳಿಸಿ ಅವ್ವನ ಎದುರು ನೆಲದ ಮೇಲೆ ಕೂತ. ಒಂದು ಬೆಳ್ಳುಳ್ಳಿ ಗಡ್ಡೆ ಎತ್ತಿಕೊಂಡು ತಾನೂ ಸುಲಿಯಲು ಹತ್ತಿದ.

"ಅಜ್ಜಿ, ನಮ್ಮವ್ವ ನಂಗೆ ಹೊಗೆ ಹಾಕ್ಲೇ ಇಲ್ಲ. ನಾವಿದ್ದದ್ದು ಪೇಟ್ಯಾಗೆ, ಮನ್ಯಾಗೆ ಗ್ಯಾಸ್ ಒಲಿ. ಒಂದು ಅಗರಬತ್ತಿ ಹಚ್ಚಾಕೂ ಆಕಿ ಹೆದರ್ತಿದ್ಲು. ಆದ್ರೂ ನಂಗೆ ದಮ್ಮು ಬಂತು. ನಂದೇ ಏನೋ ತಪ್ಪು ಅಂತ ಆಕಿ ಈಗ್ಲೂ ಅಳ್ತಾಳೆ. ತಂಪು ಹಾಲು ಕುಡಿಸಿದ್ನೇನೋ, ಮಳ್ಯಾಗೆ ಕರ್ಕಂಡು ಹೋಗಿದ್ನೇನೋ ಅಂತ."

ಅವ್ವ ಆತನನ್ನು ನೋಡಿದಳು. "ಹಂಗಾದ್ರೆ ಹೊಗಿ ಒಳ್ಳೇದೇನಪ್ಪ?"

ಇಲ್ಲಿ ನಾನಾಗಿದ್ದರೆ ಹೌದೆಂದುಬಿಡುತ್ತಿದ್ದೆ. ಆತ ಹೇಳಲಿಲ್ಲ. "ಒಳ್ಳೇದಲ್ಲಜ್ಜಿ. ಕೂಸಿಗೆ ಬ್ಯಾಡ. ಆದ್ರೆ ಆ ಕೂಸು ಅದಕ್ಕೇ ಹೋತು ಅಂತ ಈಗ ಯಾರ ಕೈಲಿ ಹೇಳಾಕಾಗ್ತೈತೆ? ಆಗ ಡಾಕ್ಟ್ರಿಲ್ಲ, ಔಷಧಿ ಇಲ್ಲ. ನೀವು ಉಳಸ್ಕಣಾಕೆ ಅಂತ ಮಾಡಿದ್ರಿ. ನಮ್ಮವ್ವನೂ ಅಷ್ಟೇ."

ಆಮೇಲೆ ಇಬ್ಬರೂ ಉಳಿದ ಬೆಳ್ಳುಳ್ಳಿಯನ್ನು ಸುಲಿದು ಮುಗಿಸಿದರು. ನಾನು ಅಲ್ಲಿಂದ ಏಳಲೂ ಆರದೆ, ಕೂತಿರಲೂ ಆರದೆ, ಓದಿ ಮುಗಿಸಿದ್ದ ಪತ್ರಿಕೆಯನ್ನು ಮತ್ತೆ ಬಿಡಿಸಿಕೊಂಡೆ. ಮಿತಭಾಷಿಯೊಬ್ಬನ ಒಂದು ವರ್ಷದ ಮಾತು ಅಂದು ಖರ್ಚಾಗಿರಬೇಕು. ಚಹಾ ಬೇಕೇ ಎಂದು ಶಾರದಾ ಕೇಳಿದ್ದಕ್ಕೆ ಆತ ತಲೆ ಮಾತ್ರ ಆಡಿಸಿದ.

ಸಂಜೆ, ಕೂಸಿಗೆ ಎರೆದಾದ ಮೇಲೆ, ಅವ್ವ ಹಿತ್ತಲಲ್ಲಿ ಕೆಂಡ ಮಾಡಿದ್ದು ಕಂಡಿತು. ಮತ್ತೆ ರಗಳೆಯೇ ಎಂದು ನಾನು ಒಳಗೊಳಗೇ ಮುದುಡಿಕೊಂಡೆ. ಆದರೆ ಅಗ್ಗಿಷ್ಟಿಕೆ ಹಿತ್ತಲಲ್ಲೇ ಉಳಿಯಿತು. ಅವ್ವ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗೈಗಳನ್ನು ಕಾಯಿಸಿಕೊಂಡು, ಆ ಕಾವು ಆರದಂತೆ ಎರಡೂ ಕೈಯನ್ನು ಒಂದಕ್ಕೊಂದು ಒತ್ತಿಕೊಂಡು ಬೇಗಬೇಗ ನಡೆದುಬಂದು, ಬಾಣಂತಿ ಕೋಣೆಯೊಳಗೆ ಹೋಗಿ ಕೂಸಿನ ಎದೆಗೂ ಬೆನ್ನಿಗೂ ಅಂಗೈ ಇಟ್ಟಳು. ಒಗೆದ ಸೀರೆ ಉಟ್ಟಿದ್ದಳು. ಯಂತ್ರ ಒಮ್ಮೆ ಹಳದಿಯಾದಂತೆ ಮಾಡಿ ನೀಲಿಗೇ ಮರಳಿತು. ಕೂಸು ಕಣ್ಣು ಅಗಲಿಸಿ ನೋಡಿತು. ಹಾಗೆ ಮತ್ತೆ ಮತ್ತೆ ಹಿತ್ತಲಿಗೂ ಕೋಣೆಗೂ ಓಡಾಡಿದ ಅವ್ವನ ಮಂಡಿ ನೋವಿನ ಬಗ್ಗೆ ಯಾರೂ ಕೇಳಲಿಲ್ಲ.

"ತೆಗೆದು ಒಯ್ಯಲೇನಜ್ಜಿ ಇದನ್ನ?" ಎಂದು ಮಂಜುನಾಥ ಯಂತ್ರದ ಕಡೆ ತೋರಿಸಿ ಕೇಳಿದ. ಮರುದಿನ ಬೆಳಿಗ್ಗೆ ಆತ ಹೊರಡುವವನಿದ್ದ.

"ಇರ್ಲಿ ಬಿಡು. ಆಗ ನಂಗೆ ಯಾರೂ ಹೇಳ್ಲಿಲ್ಲ. ಇದಾದ್ರೂ ಹೇಳ್ಲಿ."

ಹೀಗೆ, ನನ್ನ ಮುಂದೆ ಬಂದಿದ್ದ ಪ್ರಶ್ನೆಯನ್ನು ಅವ್ವ ತೀರ್ಮಾನಿಸಿದಳು. ಚೈತ್ರಾ ಇದ್ದಷ್ಟು ದಿನ ಯಂತ್ರ ಬಾಣಂತಿ ಕೋಣೆಯಲ್ಲಿತ್ತು. ಅದರ ಜೊತೆಗೆ ಶಾರದಾಳ ಶಾಸನವೂ ಜಾರಿಗೆ ಬಂತು: ಟ್ರ್ಯಾಕ್ಟರು ಓಡಾಡುವ ಹೊತ್ತಿನಲ್ಲಿ ಮುಂದಿನ ಕಿಟಕಿ ಮುಚ್ಚಬೇಕು, ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು, ಅಗರಬತ್ತಿ ತುಳಸಿಕಟ್ಟೆಗೆ ಮಾತ್ರ, ಪೌಡರು ಯಾರಿಗೂ ಇಲ್ಲ. ಕೊನೆಯದರಿಂದ ನೊಂದವನು ನಾನೊಬ್ಬನೇ. ಇದಿಷ್ಟನ್ನು ಮಾಡಿದ ಮೇಲೆ ಯಂತ್ರ ಕೆಂಪಾಗುವುದೇ ಅಪರೂಪವಾಗಿ, ಹಾಗಾದರೆ ಯಂತ್ರ ಕೆಲಸ ಮಾಡುತ್ತಿದೆಯೋ ಒದ್ದೆ ಬಟ್ಟೆ ಮಾಡುತ್ತಿದೆಯೋ ಎಂಬ ಹೊಸ ಸಂದೇಹ ನನಗೆ ಹುಟ್ಟಿತು. ಅದನ್ನು ಯಾರ ಮುಂದೆಯೂ ಆಡಲಿಲ್ಲ.

ನಾಮಕರಣ ಮುಗಿಸಿ ಚೈತ್ರಾ ಕೂಸಿನೊಂದಿಗೆ ದಾವಣಗೆರೆಗೆ ಹೊರಟಳು. ಅವರ ಮನೆಯ ಸುತ್ತ ಅಕ್ಕಿ ಗಿರಣಿಗಳಿವೆಯಾದ್ದರಿಂದ ಅವರು ಹೊಸ ಯಂತ್ರವನ್ನೇ ಕೊಂಡುಕೊಂಡರು. ಕೇಳಿ ತಂದದ್ದು ಅದರ ಯಜಮಾನರಿಗೆ ಮರಳಿತು. ಮನೆಯಲ್ಲಿ ಉಳಿದವರು ನಾವು ಮೂವರು. ಇನ್ನು ನಮಗೇಕೆ ಎಂದಳು ಶಾರದಾ. ನಾನೂ ಹೂಂ ಎಂದೆ. ದೊಡ್ಡವರು ಎಂಥ ಗಾಳಿಯನ್ನಾದರೂ ಅರಗಿಸಿಕೊಂಡಾರು ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ.

ಇಷ್ಟು ಹೊತ್ತು ನಾನು ಅವ್ವನ ಕೆಮ್ಮಿನ ವಿಷಯ ಹೇಳಲಿಲ್ಲ. ಮುಚ್ಚಿಟ್ಟೆನೆಂದಲ್ಲ, ಅದು ಹೇಳುವ ವಿಷಯವೆಂದೇ ನನಗೆ ತೋರಿರಲಿಲ್ಲ. ಬೆಳಿಗ್ಗೆ ಎದ್ದು ಬಚ್ಚಲ ಹತ್ತಿರ ನಿಂತು ಅವ್ವ ಕೆಮ್ಮುವುದು ನನಗೆ ಬುದ್ಧಿ ತಿಳಿದಾಗಿನಿಂದ ಇದ್ದದ್ದೇ. ಹುಡುಗನಾಗಿದ್ದಾಗ ನಾನು ಎಚ್ಚರಗೊಳ್ಳುತ್ತಿದ್ದುದು ಆ ಸದ್ದಿಗೆ. ಕೋಳಿ ಕೂಗುತ್ತದೆ, ಅವ್ವ ಕೆಮ್ಮುತ್ತಾಳೆ, ಬೆಳಗಾಗುತ್ತದೆ. ಅದು ರೋಗವಲ್ಲ, ಗಡಿಯಾರ. ಚೈತ್ರಾ ಹೋದ ಮೇಲೊಮ್ಮೆ ರಕ್ತದೊತ್ತಡದ ಗುಳಿಗೆ ಬರೆಸಲು ಆಕೆಯನ್ನು ಡಾಕ್ಟರರ ಬಳಿ ಕರೆದೊಯ್ದಿದ್ದಾಗ, ಅವರು ಎದೆಗೆ ಸ್ಟೆತಸ್ಕೋಪು ಇಟ್ಟು ಸ್ವಲ್ಪ ಹೆಚ್ಚು ಹೊತ್ತೇ ಆಲಿಸಿ, ಈ ಕೆಮ್ಮು ಯಾವಾಗಿನದು ಎಂದು ನನ್ನನ್ನು ಕೇಳಿದರು. ನಾನು ತಬ್ಬಿಬ್ಬಾಗಿ, "ಅದು ಕೆಮ್ಮಲ್ಲ ಡಾಕ್ಟ್ರೇ, ಮೊದಲಿಂದ್ಲೂ ಐತೆ," ಎಂದೆ. ಹೇಳಿದ ಮೇಲೆ ಆ ವಾಕ್ಯದ ಅರ್ಥ ನನಗೇ ತಿಳಿಯಲಿಲ್ಲ.

ಡಾಕ್ಟರು ಅವ್ವನ ಕಡೆ ತಿರುಗಿದರು. "ಸೌದೆ ಒಲೆ ಮುಂದೆ ಎಷ್ಟು ವರ್ಷ ಕೂತಿದ್ರಿ ಅಜ್ಜಿ?"

"ಕೂತದ್ದು ಗೊತ್ತೈತೆ. ಎದ್ದದ್ದು ಗೊತ್ತಿಲ್ಲ," ಎಂದಳು ಅವ್ವ.

ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಹೊಗೆ, ಧೂಳು ತಾಗದ ಹಾಗೆ ನೋಡಿಕೊಳ್ಳಿ, ಆಕೆ ಮಲಗುವ ಕೋಣೆಯ ಗಾಳಿ ಆದಷ್ಟು ಶುದ್ಧವಾಗಿರಲಿ ಎಂದರು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಕೂತು ನಾನು ಯೋಚಿಸಿದ್ದು ಇಷ್ಟೇ: ಆ ಪೆಟ್ಟಿಗೆ ನಮ್ಮ ಮನೆಗೆ ಬೇಕೇ ಎಂದು ತಿಂಗಳುಗಟ್ಟಲೆ ನಾವು ವಿಚಾರಣೆ ನಡೆಸಿದೆವು. ಇನ್ನೂ ಹುಟ್ಟದ ಕೂಸಿನ ಉಸಿರಿನ ಬಗ್ಗೆ ಚರ್ಚಿಸಿದೆವು. ಹೊಗೆಯನ್ನು ಕೂಸಿನ ಕಡೆಗೆ ಹಿಡಿಯುವ ಕೈಯ ಬಗ್ಗೆ ಚರ್ಚಿಸಿದೆವು. ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ ಕುಡಿದದ್ದು ಅಗ್ಗಿಷ್ಟಿಕೆ ಹಿಡಿದವಳೇ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಮನೆಗೆ ಬೇಕೇ ಎಂದು ಕೇಳುವಾಗ ಮನೆ ಎಂದರೆ ಯಾರು ಎಂದು ಮೊದಲು ಕೇಳಬೇಕಿತ್ತು ಎನಿಸಿತು. ಇದು ದೊಡ್ಡ ತತ್ತ್ವವೇನಲ್ಲ. ಆಟೋದ ಕುಲುಕಾಟದಲ್ಲಿ ಹೊಳೆಯುವಷ್ಟು ಸಣ್ಣದು.

ಅದೇ ವಾರ ಯಂತ್ರ ತರಿಸಿ ಅವ್ವನ ಕೋಣೆಯಲ್ಲಿ ಇಡಿಸಿದೆ. ಆಕೆ ಒಪ್ಪಲಿಲ್ಲ. "ಇನ್ನೆಷ್ಟು ಉಸಿರು ಉಳಿದಾವೆ ಅಂತ ಸೋಸಾಕೆ ಹೊಂಟೀಯೋ ನೀನು?" ಎಂದಳು. ಎಷ್ಟಿದ್ದರೆ ಅಷ್ಟು ಎಂದೆ. ಗೊಣಗಿದಳು. ಸದ್ದು ಜಾಸ್ತಿ, ನಿದ್ದೆ ಬರುವುದಿಲ್ಲ ಎಂದಳು. ಆಮೇಲಾಮೇಲೆ ತಾನೇ ಗುಂಡಿ ಒತ್ತುವುದನ್ನು ಕಲಿತಳು. ಕೆಮ್ಮು ನಿಂತಿಲ್ಲ. ಔಷಧಿಯಿಂದಲೋ ಪೆಟ್ಟಿಗೆಯಿಂದಲೋ, ಒಂದಿಷ್ಟು ಮೆತ್ತಗಾಗಿದೆ. ಕೆಲವು ದಿನ ನನಗೆ ತಡವಾಗಿ ಎಚ್ಚರವಾಗುತ್ತದೆ.

ಮೊನ್ನೆ ಸಂಜೆ ಶಾರದಾ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಮನೆಯೆಲ್ಲ ಘಾಟು. ನಾನು ಪಡಸಾಲೆಯಲ್ಲಿ ಸೀನುತ್ತ ಕೂತಿದ್ದೆ. ಹುರಿದು ಮುಗಿಸಿ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಆಕೆ ಹೊರಗೆ ಬಂದಾಗ ಅವ್ವನ ಕೋಣೆಯಿಂದ ಕರೆ ಬಂತು.

"ಶಾರದಾ, ಬಾ ಇಲ್ಲಿ. ಒಂದೀಟು ಹೊತ್ತು ಇಲ್ಲಿ ಕೂತ್ಕಾ."

"ಕೆಲ್ಸ ಐತತ್ತಿ."

"ಇರ್ತೈತೆ ಅದು. ಒಲಿ ಮುಂದ್ನಿಂದ ಬಂದೀಯ, ಕೂತ್ಕಾ."

ಶಾರದಾ ಹೋದಳು. ಏನು ವಿಷಯವೆಂದು ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ಇಣುಕಿದೆ. ವಿಷಯವೇನೂ ಇರಲಿಲ್ಲ. ಅತ್ತೆ ಸೊಸೆ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು. ಶಾರದಾ ಕಣ್ಣು ಮುಚ್ಚಿಕೊಂಡಿದ್ದಳು. ಅವ್ವ ಪೆಟ್ಟಿಗೆಯನ್ನು ಕಾಲಿನಿಂದಲೇ ಆಕೆಯ ಕಡೆಗೆ ಮೆಲ್ಲಗೆ ತಿರುಗಿಸುತ್ತಿದ್ದಳು. ನಾನು ನಿಂತಿರುವುದನ್ನು ಕಂಡು ಹೇಳಿದಳು:

"ಘಾಟು ಒಳಗೆ ಬರ್ತೈತೆ. ಬಾಗ್ಲು ಎಳ್ಕಂಡು ಹೋಗು."

ಬಾಗಿಲು ಎಳೆದುಕೊಂಡೆ.